ಸ್ಟ್ರಾತ್‌ಪೆಫರ್‌ನಲ್ಲಿ ಒಂದು ದಿನ: ಯಾರ ಜೊತೆ ಹೋದರೆ ಏನು ನೋಡಬೇಕು

ಬೇಸಿಗೆ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರುತ್ತವೆ. "ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಲ್ಲಪೂಲ್ ಕಡೆ ಹೊರಟಿದ್ದೀವಿ. ದಾರೀಲಿ ಸ್ಟ್ರಾತ್‌ಪೆಫರ್ ಅಂತ ಹಳೇ ಊರಿದೆಯಂತಲ್ಲ, ನಿಲ್ಲಿಸೋದಾ, ಮುಂದೆ ಹೋಗೋದಾ?" ನಾನಿರುವುದು ಸ್ಕಾಟ್ಲೆಂಡಿನ ಉತ್ತರದ ಇನ್ವರ್ನೆಸ್‌ನಲ್ಲಿ. ಅಲ್ಲಿಂದ ಆ ಊರಿಗೆ ಸುಮಾರು ಮೂವತ್ತು ಕಿಲೋಮೀಟರ್. ಹೋಗಿ ಬಂದದ್ದಕ್ಕೆ ಲೆಕ್ಕವಿಲ್ಲ.

ಅವರಿಗೆ ನಾನು ವಾಪಸ್ ಕೇಳುವುದು ಮೂರೇ ಪ್ರಶ್ನೆ. ಜೊತೆಗೆ ಯಾರಿದ್ದಾರೆ? ಯಾವ ತಿಂಗಳು, ಯಾವ ವಾರ? ಕಾರಿದೆಯಾ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಆಯ್ಕೆ ಸಲೀಸು. ಇಲ್ಲದಿದ್ದರೆ ಎಲ್ಲವನ್ನೂ ನೋಡಲು ಓಡಾಡಿ, ಯಾವುದನ್ನೂ ಸರಿಯಾಗಿ ನೋಡದೆ ಬರುತ್ತೀರಿ. ಮೊದಲ ಸಲ ನಾನು ಹಾಗೇ ಮಾಡಿದ್ದೆ. ಎರಡು ಗಂಟೆಯಲ್ಲಿ ಐದು ಜಾಗ. ಅಮ್ಮನ ಮಂಡಿ ನೋವು ಜಾಸ್ತಿಯಾಗಿ ಕಾರಲ್ಲೇ ಕೂತರು. ಅದಾದ ಮೇಲೆ ಜಾಗಕ್ಕೆ ತಕ್ಕ ಹಾಗೆ ಜನರನ್ನು ಓಡಿಸುವುದನ್ನು ಬಿಟ್ಟೆ. ಜೊತೆಗಿರುವವರಿಗೆ ತಕ್ಕ ಜಾಗ ಹುಡುಕುತ್ತೇನೆ.

ಊರು ಎಂಥದ್ದು ಅಂತ ಮೊದಲು ಸ್ವಲ್ಪ ಹೇಳಬೇಕು. ಇಲ್ಲಿ ಗಂಧಕದ ನೀರಿನ ಚಿಲುಮೆಗಳಿವೆ. ಹದಿನೆಂಟನೇ ಶತಮಾನದಲ್ಲಿ ಅವು ಹೊರಗಿನವರ ಕಣ್ಣಿಗೆ ಬಿದ್ದವು. ಮಾರಿಸನ್ ಎಂಬ ವೈದ್ಯರು ತಾವೇ ಈ ನೀರು ಕುಡಿದು ಗುಣವಾದೆನೆಂದು ಊರೂರಿಗೆ ಹೇಳಿದರು. 1819ರಲ್ಲಿ ನೀರು ಕುಡಿಯಲು ಬರುವವರಿಗೆಂದು ಮೊದಲ ಪಂಪ್ ರೂಮ್ ಎದ್ದಿತು. ವಿಕ್ಟೋರಿಯಾ ರಾಣಿಯ ಕಾಲಕ್ಕೆ ಇದು ದೊಡ್ಡ ಮನೆತನದವರು ಬಂದು ಉಳಿಯುವ ಊರಾಯಿತು. 1879ರಲ್ಲಿ ಬೆನ್ ವೈವಿಸ್ ಹೋಟೆಲ್, 1881ರಲ್ಲಿ ಸಂಗೀತ ನೃತ್ಯಗಳಿಗೆ ಪೆವಿಲಿಯನ್, 1885ರಲ್ಲಿ ರೈಲು, 1911ರಲ್ಲಿ ರೈಲ್ವೆ ಕಂಪನಿಯದ್ದೇ ಹೈಲ್ಯಾಂಡ್ ಹೋಟೆಲ್. ಆಮೇಲೆ ಎರಡು ಮಹಾಯುದ್ಧಗಳು ಬಂದವು. ಜನರ ಅಭ್ಯಾಸ ಬದಲಾಯಿತು, ನೀರು ಕುಡಿದು ಗುಣವಾಗುವ ನಂಬಿಕೆ ಕರಗಿತು. ಪಂಪ್ ರೂಮುಗಳಲ್ಲಿ ಹೆಚ್ಚಿನವನ್ನು ಕೆಡವಿದರು.

ನಮ್ಮವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಸ್ಪಾ ಊರು ಅಂದ ಕೂಡಲೇ ಬಿಸಿನೀರಿನ ಬುಗ್ಗೆ ಅಂದುಕೊಳ್ಳುತ್ತಾರೆ. ನಮ್ಮ ಮನೆ ಪುತ್ತೂರು ಕಡೆ. ಅಲ್ಲಿಯ ಬೆಂದ್ರು ತೀರ್ಥ ನೋಡಿದ ಅಮ್ಮ ಸ್ನಾನಕ್ಕೆ ಬಟ್ಟೆ ತರಲಾ ಅಂತ ಕೇಳಿದ್ದರು. ಇಲ್ಲಿಯ ನೀರು ತಣ್ಣಗಿನದು. ಆ ಕಾಲದಲ್ಲೂ ಸ್ನಾನಕ್ಕೆ ಅದನ್ನು ಕಾಯಿಸಿಯೇ ಕೊಡುತ್ತಿದ್ದರು. ಈಗ ಸ್ನಾನದ ಚಿಕಿತ್ಸೆಯೇನೂ ನಡೆಯುವುದಿಲ್ಲ. ಸ್ನಾನಕ್ಕೆಂದೇ ಹೋಗುವವರು ಬೇರೆ ಊರು ನೋಡಿಕೊಳ್ಳಿ.

ಹಾಗಾದರೆ ಇರುವುದೇನು? ವಾರಗಟ್ಟಲೆ ಉಳಿಯುವ ಜನರಿಗಾಗಿ ಕಟ್ಟಿದ ಊರು. ಬೆಳಿಗ್ಗೆ ಒಂದು ಲೋಟ ನೀರು, ಆಮೇಲೆ ನಡಿಗೆ, ಮತ್ತೊಂದು ಲೋಟ, ಮತ್ತೆ ನಡಿಗೆ. ಆ ನಡಿಗೆಯ ದಾರಿಗಳು ಹಾಗೇ ಉಳಿದಿವೆ. ಇಳಿಜಾರಿನಲ್ಲಿ ಕಲ್ಲಿನ ಬಂಗಲೆಗಳು, ಜಗಲಿಗಳು, ಮರಗಳು. ಮೂರೂ ಕಡೆ ಗುಡ್ಡ. ಬಸ್ಸಿಳಿದ ಕೂಡಲೇ ಕ್ಯಾಮೆರಾ ತೆಗೆಯುವಂಥ ದೊಡ್ಡದೊಂದು ಕಟ್ಟಡ ಇಲ್ಲಿಲ್ಲ. ಹಾಗಾಗಿಯೇ ಆಯ್ಕೆ ಮುಖ್ಯ.

ಹದ್ದಿನ ಕಲ್ಲೋ, ನಾಕ್ ಫ್ಯಾರೆಲ್ ಗುಡ್ಡವೋ

ಒಂದೂವರೆ ಗಂಟೆ ಮಾತ್ರ ಇದೆ, ಒಂದನ್ನೇ ನೋಡುವುದು ಅಂದರೆ ನನ್ನ ಉತ್ತರ ಹದ್ದಿನ ಕಲ್ಲು. ಗೇಲಿಕ್ ಭಾಷೆಯಲ್ಲಿ ಅದಕ್ಕೆ ಕ್ಲಾಖ್ ಆನ್ ಟಿಯೊಂಪಾನ್ ಎಂಬ ಹೆಸರು, ದನಿ ಕೊಡುವ ಕಲ್ಲು ಎಂದು ಅರ್ಥ. ಊರಿನಲ್ಲಿ, ಪಕ್ಕದ ಡಿಂಗ್‌ವಾಲ್ ಪಟ್ಟಣದ ಕಡೆಯ ತುದಿಯಲ್ಲಿ ಒಂದು ಸಣ್ಣ ಕಾಲುದಾರಿ ಹಿಡಿದರೆ ಕೆಲವೇ ನಿಮಿಷದಲ್ಲಿ ಸಿಗುತ್ತದೆ. ಟಿಕೆಟ್ ಇಲ್ಲ, ಗೇಟಿನ ಸಮಯವಿಲ್ಲ, ಮಳೆ ಬಂದರೂ ನೋಡಬಹುದು.

ಕಲ್ಲು ದೊಡ್ಡದಲ್ಲ. ನನ್ನ ಸೊಂಟದಷ್ಟೂ ಎತ್ತರವಿಲ್ಲ. ಮೇಲ್ಗಡೆ ಕುದುರೆ ಲಾಳದಂಥ ಕಮಾನು, ಅದರ ಕೆಳಗೆ ಹದ್ದು. ರೆಕ್ಕೆಯ ಗೆರೆಗಳು ಒಂದೇ ಎಳೆತಕ್ಕೆ ಬಂದ ಹಾಗಿವೆ, ಎಲ್ಲೂ ತಿದ್ದಿದ ಗುರುತಿಲ್ಲ. ಇದನ್ನು ಕೆತ್ತಿದವರು ಪಿಕ್ಟ್ ಜನ, ಸ್ಕಾಟ್ಲೆಂಡ್ ಎಂಬ ಹೆಸರು ಬರುವುದಕ್ಕೂ ಮುಂಚೆ ಇಲ್ಲಿದ್ದವರು. ಹೆಚ್ಚು ಕಡಿಮೆ ಸಾವಿರದ ಮುನ್ನೂರು ವರ್ಷದ ಹಿಂದಿನ ಕೆಲಸ.

ಅಮ್ಮ ಅದನ್ನು ನೋಡಿದ ಕೂಡಲೇ "ವೀರಗಲ್ಲಾ ಇದು?" ಅಂದರು. ಇಲ್ಲಿಯ ಜನರೂ ಬಹುಕಾಲ ಹಾಗೇ ನಂಬಿದ್ದರು. ಮೆಕೆಂಜಿ ಮತ್ತು ಮನ್ರೋ ಕುಲದವರು ಇಲ್ಲಿ ಕಾದಾಡಿದರು, ಬಿದ್ದ ಮನ್ರೋಗಳ ನೆನಪಿಗೆ ಈ ಕಲ್ಲು ಎಂದು ಕಥೆ. ಮನ್ರೋಗಳ ಕುಲಚಿಹ್ನೆಯೂ ಹದ್ದೇ. ಆದರೆ ಆ ಕಾಳಗಕ್ಕಿಂತ ಕಲ್ಲು ನೂರಾರು ವರ್ಷ ಹಳೆಯದು. ಇದ್ದ ಕಲ್ಲಿಗೆ ಕಥೆ ಬಂದು ಸೇರಿಕೊಂಡಿದೆ. ನಮ್ಮ ಕಡೆ ಊರ ಹೊರಗಿನ ಕಲ್ಲುಗಳಿಗೂ ಹೀಗೇ ಆಗುತ್ತದೆ ಅಲ್ವಾ?

ಇನ್ನೊಂದು ಕಥೆಯೂ ಇದೆ, ಮಕ್ಕಳಿಗೆ ಅದೇ ಇಷ್ಟ. ಬ್ರಾಹನ್ ಸೀಯರ್ ಎಂಬ ಕಾಲಜ್ಞಾನಿ ಹೇಳಿದ್ದನಂತೆ: ಈ ಕಲ್ಲು ಮೂರು ಸಲ ಬಿದ್ದರೆ ಕಣಿವೆಗೆ ನೀರು ನುಗ್ಗುತ್ತದೆ, ಹಡಗುಗಳನ್ನು ಇದೇ ಕಲ್ಲಿಗೆ ಕಟ್ಟುವ ಕಾಲ ಬರುತ್ತದೆ. ಸಮುದ್ರದ ಕೊಲ್ಲಿ ಇಲ್ಲಿಂದ ಎಂಟು ಕಿಲೋಮೀಟರ್ ದೂರದ ಡಿಂಗ್‌ವಾಲ್‌ವರೆಗೆ ಬರುತ್ತದೆ, ಹಾಗಾಗಿ ಕೇಳಿದವರಿಗೆ ಇದು ತೀರ ಆಗದ ಮಾತು ಅನಿಸಲಿಲ್ಲ. ಎರಡು ಸಲ ಬಿದ್ದಾಯಿತು ಎನ್ನುತ್ತಾರೆ. ಈಗ ಕಲ್ಲಿನ ಬುಡ ನೋಡಿ. ಸಿಮೆಂಟ್ ಹಾಕಿ ಗಟ್ಟಿ ಮಾಡಿದ್ದಾರೆ. ಹದ್ದಿನ ರೆಕ್ಕೆಗಿಂತ ಆ ಸಿಮೆಂಟ್ ನನ್ನ ಮನಸ್ಸಿಗೆ ಹೆಚ್ಚು ತಟ್ಟಿತು. ಅಷ್ಟು ವರ್ಷ ಹಳೆಯ ಮಾತನ್ನು ಇಂದಿಗೂ ಯಾರೋ ಮನಸ್ಸಿಗೆ ಹಾಕಿಕೊಂಡಿದ್ದಾರೆ.

ಅರ್ಧ ದಿನ ಇದೆ, ಕಾಲು ಗಟ್ಟಿಯಿವೆ ಅಂದರೆ ನಾಕ್ ಫ್ಯಾರೆಲ್ ಹತ್ತಿ. ಊರಿನ ದಕ್ಷಿಣಕ್ಕೆ ಬೆಕ್ಕಿನ ಬೆನ್ನು ಎಂದು ಕರೆಯುವ ಉದ್ದದ ದಿಬ್ಬವಿದೆ. ಅದರ ಪೂರ್ವದ ತುದಿಯೇ ನಾಕ್ ಫ್ಯಾರೆಲ್. ಇನ್ನೂರು ಮೀಟರ್ ಚಿಲ್ಲರೆ ಎತ್ತರ ಅಷ್ಟೇ. ಆದರೆ ಮೇಲೆ ಹೋದರೆ ಒಂದು ಕಡೆ 1,046 ಮೀಟರಿನ ಬೆನ್ ವೈವಿಸ್ ಬೆಟ್ಟ, ಇನ್ನೊಂದು ಕಡೆ ಉಸ್ಸಿ ಕೆರೆ, ದೂರದಲ್ಲಿ ಕ್ರೊಮಾರ್ಟಿ ಕೊಲ್ಲಿಯ ನೀರು, ಎಲ್ಲವೂ ಒಟ್ಟಿಗೆ ಕಾಣುತ್ತವೆ.

ನೋಟಕ್ಕಿಂತ ಹೆಚ್ಚಾಗಿ ನೀವು ಕಾಲ ಕೆಳಗೆ ನೋಡಬೇಕು. ಅಲ್ಲೊಂದು ಕಬ್ಬಿಣ ಯುಗದ ಕೋಟೆಯ ಗುರುತಿದೆ. ಗೋಡೆಯ ಕಲ್ಲುಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿವೆ. ಹುಲ್ಲು ಸರಿದ ಕಡೆ ಬಗ್ಗಿ ನೋಡಿದರೆ ಕಮ್ಮಾರನ ಕುಲುಮೆಯ ಕಿಟ್ಟದ ಹಾಗೆ, ಗುಳ್ಳೆ ಗುಳ್ಳೆಯಾಗಿ, ಗಾಜಿನ ಹೊಳಪಿನ ಗಂಟುಗಳು ಕಾಣುತ್ತವೆ. ಕಲ್ಲಿನ ಗೋಡೆಯ ಒಳಗೆ ಮರದ ತೊಲೆ ಸೇರಿಸಿ ಕಟ್ಟುತ್ತಿದ್ದರು. ಆ ಮರಕ್ಕೆ ಬೆಂಕಿ ಬಿದ್ದು, ಕಲ್ಲೇ ಕರಗುವಷ್ಟು ಕಾವು ಏರಿದೆ. ಶತ್ರುಗಳು ಸುಟ್ಟರೋ, ಬೇಕೆಂದೇ ಸುಟ್ಟರೋ ಎಂದು ಪುರಾತತ್ವದವರು ಇನ್ನೂ ಚರ್ಚೆ ಮಾಡುತ್ತಾರೆ. ಊರ ಕಥೆ ಕೇಳಿದರೆ, ಇದು ಫಿಯೊನ್ ಎಂಬ ವೀರನ ಕಡೆಯವರ ಮನೆ, ಅವರು ಬೇಟೆಗೆ ಹೋಗಿದ್ದಾಗ ಒಳಗಿದ್ದ ಹೆಂಗಸರ ಸಮೇತ ಸುಟ್ಟುಹೋಯಿತು. ದಯವಿಟ್ಟು ಒಂದು ಚೂರೂ ಜೇಬಿಗೆ ಹಾಕಿಕೊಳ್ಳಬೇಡಿ. ಅದು ಕಾನೂನಿನ ರಕ್ಷಣೆ ಇರುವ ಜಾಗ, ಅಲ್ಲದೆ ಕಿತ್ತದ್ದು ಮತ್ತೆ ಬೆಳೆಯುವುದಿಲ್ಲ.

ಊರಿಂದ ದಿಬ್ಬದ ಮೇಲೆ ನಡೆದು ಹೋಗಿ ಬರಲು ಮೂರು ಗಂಟೆ ಇಟ್ಟುಕೊಳ್ಳಿ. ಜರೀಗಿಡಗಳ ನಡುವಿನ ದಾರಿ, ಉಣುಗುಗಳಿರುತ್ತವೆ. ಮಲೆನಾಡಿನವರಿಗೆ ಹೇಳಬೇಕಿಲ್ಲ. ಉದ್ದ ಪ್ಯಾಂಟ್ ಹಾಕಿ, ಮನೆಗೆ ಬಂದು ಮೈಯೆಲ್ಲ ನೋಡಿಕೊಳ್ಳಿ. ಇಲ್ಲಿಯ ಉಣುಗಿನಿಂದ ಲೈಮ್ ಕಾಯಿಲೆ ಬರಬಹುದು. ಅಷ್ಟು ನಡೆಯಲಾಗದವರಿಗೆ ಇನ್ನೊಂದು ದಾರಿಯಿದೆ: ಉಸ್ಸಿ ಕೆರೆಯ ಕಡೆಯಿಂದ ಕಾರಿನಲ್ಲಿ ಗುಡ್ಡದ ಪಕ್ಕದವರೆಗೆ ಹೋಗಿ, ಉಳಿದ ಸ್ವಲ್ಪವನ್ನು ಹತ್ತುವುದು. ಆ ದಾರಿಯಲ್ಲಿ ಆರೇಳು ವರ್ಷದ ಮಕ್ಕಳೂ ಹತ್ತುತ್ತಾರೆ.

ರೈಲಿಲ್ಲದ ಸ್ಟೇಷನ್ನೋ, ಪಂಪ್ ರೂಮೋ

ಮಳೆ ಬಂದರೆ ಇವೆರಡರಲ್ಲಿ ಒಂದು. ಇಲ್ಲಿ ನನ್ನ ಪಕ್ಷಪಾತ ಮುಚ್ಚಿಡುವುದಿಲ್ಲ. ಸ್ಟೇಷನ್ನಿಗೆ ಹೋಗಿ.

ಅಪ್ಪ ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದಾಗ ಒಳಗಿನ ಮ್ಯೂಸಿಯಂ ಕಡೆ ತಿರುಗಿಯೂ ನೋಡದೆ ಪ್ಲಾಟ್‌ಫಾರ್ಮಿನ ಮೇಲೆ ಈ ತುದಿಯಿಂದ ಆ ತುದಿಗೆ ಹೆಜ್ಜೆ ಹಾಕಿ ಎಣಿಸಿದರು. ಹಳಿಗಳಿಲ್ಲ. ಹಳಿ ಇದ್ದ ಕಡೆ ಹುಲ್ಲು. ಮರದ ಕಟ್ಟಡ, ಮುಂದಕ್ಕೆ ಚಾಚಿದ ಚಾವಣಿ, ಅದನ್ನು ಹೊತ್ತ ಕಬ್ಬಿಣದ ಕಂಬಗಳು ಮಾತ್ರ ರೈಲು ಈಗ ಬರುತ್ತದೆ ಎನ್ನುವ ಹಾಗೆ ನಿಂತಿವೆ. ಅಪ್ಪ ಒಂದು ಕಂಬಕ್ಕೆ ಕೈಯಿಟ್ಟು "ಬಣ್ಣ ಸರಿಯಾಗಿ ಹೊಡೀತಾ ಇದ್ದಾರೆ, ತುಕ್ಕು ಬಿಟ್ಟಿಲ್ಲ" ಅಂದರು. ಅವರಿಂದ ಬರುವ ಮೆಚ್ಚುಗೆ ಅಷ್ಟೇ, ಆದರೆ ಅದು ದೊಡ್ಡದು.

ಈ ಸ್ಟೇಷನ್ನಿನ ಹಿಂದೆ ಒಂದು ಜಗಳವಿದೆ. 1870ರಲ್ಲಿ ಡಿಂಗ್‌ವಾಲಿನಿಂದ ಪಶ್ಚಿಮಕ್ಕೆ ರೈಲು ದಾರಿ ಹಾಕಿದಾಗ ಅದು ಈ ಊರಿನ ಮೂಲಕವೇ ಹೋಗಬೇಕಿತ್ತು. ಪಕ್ಕದ ಕೂಲ್ ಎಸ್ಟೇಟಿನ ಒಡೆಯ ಸರ್ ವಿಲಿಯಂ ಮೆಕೆಂಜಿ ತಮ್ಮ ಜಮೀನಿನಲ್ಲಿ ರೈಲು ಬೇಡ ಎಂದು ಹಟ ಹಿಡಿದರು. ಕಡೆಗೆ ಹಳಿಯನ್ನು ಉತ್ತರದ ಗುಡ್ಡದ ಮೇಲೆ, 50ಕ್ಕೆ 1ರ ಕಡಿದಾದ ಏರಿನಲ್ಲಿ ಕೊಂಡೊಯ್ದರು. ನೀರು ಕುಡಿಯಲು ಬಂದ ರೋಗಿಗಳು ಊರಿನಿಂದ ದೂರ, ಗುಡ್ಡದ ಮೇಲೆ ಇಳಿಯಬೇಕಾಯಿತು. ಹದಿನೈದು ವರ್ಷದ ಮೇಲೆ, 1885ರಲ್ಲಿ, ಡಿಂಗ್‌ವಾಲಿನಿಂದ ಒಂದು ಕವಲು ಹಳಿ ಬಂದು ಈ ಸ್ಟೇಷನ್ ತೆರೆಯಿತು. 1911ರಲ್ಲಿ ಇನ್ವರ್ನೆಸ್‌ನ ದಕ್ಷಿಣಕ್ಕಿರುವ ಅವಿಮೋರ್‌ನಿಂದ ಇಲ್ಲಿಗೆ ಸ್ಟ್ರಾತ್‌ಪೆಫರ್ ಸ್ಪಾ ಎಕ್ಸ್‌ಪ್ರೆಸ್ ಎಂಬ ವಿಶೇಷ ರೈಲೂ ಶುರುವಾಯಿತು. 1946ಕ್ಕೆ ಪ್ರಯಾಣಿಕರ ರೈಲು ನಿಂತಿತು, 1951ಕ್ಕೆ ಗೂಡ್ಸ್ ಕೂಡ. ಅತ್ತ, ಯಾರಿಗೂ ಬೇಡವಾಗಿದ್ದ ಆ ಏರಿನ ದಾರಿಯಲ್ಲಿ ಇನ್ವರ್ನೆಸ್‌ನಿಂದ ಪಶ್ಚಿಮ ಕರಾವಳಿಯ ಕೈಲ್ ಆಫ್ ಲೊಹಾಲ್ಶ್‌ಗೆ ಇಂದಿಗೂ ರೈಲು ಓಡುತ್ತದೆ. ಅಪ್ಪ ಈ ಕಥೆಯನ್ನು ಊರಿಗೆ ಹೋಗಿ ಕಬಕ ಪುತ್ತೂರು ಸ್ಟೇಷನ್ನಿನ ಹಳೆಯ ಗೆಳೆಯರಿಗೆಲ್ಲ ಹೇಳಿದ್ದಾರೆ.

ಸ್ಟೇಷನ್ ಒಳಗೆ ಇರುವುದು ಹೈಲ್ಯಾಂಡ್ ಬಾಲ್ಯದ ಮ್ಯೂಸಿಯಂ. ಗೊಂಬೆಗಳು, ಆಟದ ಸಾಮಾನು, ಹಳೆಯ ಶಾಲೆಯ ವಸ್ತುಗಳು, ಈ ಗುಡ್ಡಗಾಡಿನಲ್ಲಿ ಮಕ್ಕಳು ಹೇಗೆ ಬೆಳೆದರು ಎಂಬ ವಿವರ. ಸಣ್ಣ ಮಕ್ಕಳಿದ್ದರೆ ಒಂದು ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ. ಅಜ್ಜಿಯರಿಗೂ ಇದು ಇಷ್ಟವಾಗುತ್ತದೆ, ನನ್ನ ಅನುಭವದಲ್ಲಿ ಮೊಮ್ಮಕ್ಕಳಿಗಿಂತ ಜಾಸ್ತಿ. ಹದಿಹರೆಯದ ಮಕ್ಕಳು ಬೇಗ ಹೊರಗೆ ಬಂದು ನಿಲ್ಲುತ್ತಾರೆ, ಅವರನ್ನು ಗುಡ್ಡಕ್ಕೆ ಕಳಿಸಿ. ಚಳಿಗಾಲದಲ್ಲಿ ಮ್ಯೂಸಿಯಂ ಮುಚ್ಚಿರುತ್ತದೆ. ಪ್ಲಾಟ್‌ಫಾರ್ಮಿಗೆ ಮಾತ್ರ ಯಾವ ಕಾಲದಲ್ಲೂ ಹೋಗಬಹುದು.

ಪಂಪ್ ರೂಮ್ ಊರಿನ ನಡುವೆ, ಚೌಕದ ಹತ್ತಿರವೇ ಇದೆ. ಕೆಡವಿದ ಮೇಲೆ ಉಳಿದ ಸಣ್ಣ ಭಾಗ. ನೀರಿನ ಚಿಕಿತ್ಸೆ ಹೇಗೆ ನಡೆಯುತ್ತಿತ್ತು ಎಂಬುದನ್ನು ತಿಳಿಯಲು ಇದೇ ಜಾಗ. ಗಂಧಕದ ನೀರಿಗೆ ಕೊಳೆತ ಮೊಟ್ಟೆಯ ವಾಸನೆ. ಅದನ್ನು ಮೂಗು ಮುಚ್ಚಿ ಕುಡಿದು, ಬೇರೆ ದಿನ ಕರಿಮಣ್ಣಿನಂಥ ಪೀಟ್ ಕಲಸಿದ ತೊಟ್ಟಿಯಲ್ಲಿ ಕುಳಿತು, ಕೀಲು ನೋವು ಹೋಗಲಿ ಎಂದು ಕಾಯುತ್ತಿದ್ದರು. ತೆರೆದಿದ್ದರೆ ಇಪ್ಪತ್ತು ನಿಮಿಷ ಸಾಕು. ಬೀಗ ಹಾಕಿದ್ದರೆ ಬೇಸರ ಬೇಡ. ಪಕ್ಕದ ಪೆವಿಲಿಯನ್ನಿನ ಎದುರು ನಿಂತು ಅದರ ಜಗಲಿ ನೋಡಿ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಈ ಊರನ್ನೇ ಆಸ್ಪತ್ರೆ ಮಾಡಿಕೊಂಡಿತ್ತು. ಪಾಳು ಬೀಳುತ್ತಿದ್ದ ಪೆವಿಲಿಯನ್ನನ್ನು ಈ ಶತಮಾನದ ಶುರುವಿನಲ್ಲಿ ದುರಸ್ತಿ ಮಾಡಿದರು. ಈಗ ಮದುವೆ, ಸಂಗೀತ, ಕೇಲಿ ಎಂಬ ಗುಂಪು ಕುಣಿತ ಅಲ್ಲಿ ನಡೆಯುತ್ತವೆ. ನೀವಿರುವ ದಿನ ಕೇಲಿ ಇದ್ದರೆ ಬೇರೆ ಯೋಚನೆ ಮಾಡದೆ ಟಿಕೆಟ್ ತಗೊಳ್ಳಿ. ಹೆಜ್ಜೆ ಬರುವುದಿಲ್ಲ ಅನ್ನುವ ಚಿಂತೆ ಬೇಡ, ಕೈ ಹಿಡಿದು ಕಲಿಸುತ್ತಾರೆ.

ಅರಮನೆ, ಆಟೋಟದ ದಿನ, ಶನಿವಾರ ಸಂಜೆ

ಹೆಚ್ಚು ಜನ ತಪ್ಪು ಲೆಕ್ಕ ಹಾಕುವುದು ಕ್ಯಾಸಲ್ ಲೌಡ್ ವಿಷಯದಲ್ಲಿ. ಬೋರ್ಡಿನಲ್ಲಿ ಲಿಯೋಡ್ ಎಂದು ಓದಿಸಿಕೊಳ್ಳುತ್ತದೆ, ಇಲ್ಲಿಯವರ ಬಾಯಲ್ಲಿ ಅದು ಲೌಡ್. ಮೆಕೆಂಜಿ ಕುಲದ ಮುಖ್ಯಸ್ಥರಾದ ಕ್ರೊಮಾರ್ಟಿ ಅರ್ಲ್ ಅವರ ಮನೆ. ಅರ್ಲ್ ಅಂದರೆ ವಂಶಪಾರಂಪರ್ಯವಾಗಿ ಬರುವ ಒಂದು ದೊಡ್ಡ ಪದವಿ. ಹದಿನೇಳನೇ ಶತಮಾನದ ಶುರುವಿನ ಕೆಂಪು ಕಲ್ಲಿನ ಗೋಪುರದ ಮನೆ, ಸುತ್ತ ಹಳೆಯ ಮರಗಳು. ಕುಟುಂಬ ಅಲ್ಲೇ ವಾಸವಾಗಿರುವುದರಿಂದ ವರ್ಷದಲ್ಲಿ ಗೊತ್ತು ಮಾಡಿದ ಕೆಲವೇ ದಿನ ಒಳಗೆ ಬಿಡುತ್ತಾರೆ. ನಾವು ದಿನ ನೋಡದೆ ಹೋಗಿ ಗೇಟಿನಿಂದ ತಿರುಗಿ ಬಂದೆವು. ಹಾಗಾಗಿ ಅರಮನೆಯನ್ನು ನಂಬಿ ದಿನದ ಕಾರ್ಯಕ್ರಮ ಹಾಕಬೇಡಿ. ಮೊದಲು ತೆರೆಯುವ ದಿನ ನೋಡಿ, ಆಮೇಲೆ ಪ್ರಯಾಣದ ದಿನ ಗೊತ್ತು ಮಾಡಿ.

ಔಟ್‌ಲ್ಯಾಂಡರ್ ಎಂಬ ಟೀವಿ ಸರಣಿ ನೋಡಿ ಬರುವವರಿಗೆ ಒಂದು ಕಿವಿಮಾತು. ಕಥೆಯ ಮೆಕೆಂಜಿಗಳ ಕೋಟೆಗೆ ಈ ಮನೆಯೇ ಮೂಲ ಎನ್ನುತ್ತಾರೆ ನಿಜ, ಆದರೆ ಚಿತ್ರೀಕರಣ ನಡೆದದ್ದು ದಕ್ಷಿಣದ ಡೂನ್ ಕೋಟೆಯಲ್ಲಿ. ಟೀವಿಯಲ್ಲಿ ಕಂಡ ಗೋಡೆಯ ಎದುರು ಫೋಟೋ ಬೇಕೆಂದರೆ ಅಲ್ಲಿಗೆ ಹೋಗಿ. ನಿಜವಾದ ಮೆಕೆಂಜಿಗಳ ಕಥೆ ಬೇಕೆಂದರೆ ಇಲ್ಲಿಗೆ ಬನ್ನಿ. ಆ ಕಥೆ ಕಡಿಮೆಯದ್ದೇನಲ್ಲ. ಮೂರನೇ ಅರ್ಲ್ ಜಾರ್ಜ್ ಮೆಕೆಂಜಿ ಪಟ್ಟ ಕಳೆದುಕೊಂಡ ಸ್ಟುವರ್ಟ್ ರಾಜಮನೆತನವನ್ನು ಮತ್ತೆ ತರಲು ಎದ್ದ ಜಾಕೊಬೈಟ್ ದಂಗೆಯಲ್ಲಿ ಸೇರಿ ಸಿಕ್ಕಿಬಿದ್ದರು. 1746ರಲ್ಲಿ ಅವರಿಗೆ ಮರಣದಂಡನೆಯಾಯಿತು. ತುಂಬು ಬಸುರಿ ಹೆಂಡತಿ ಇಸಬೆಲ್ಲಾ ರಾಜನ ಕಾಲಿಗೆ ಬಿದ್ದು ಬೇಡಿಕೊಂಡರು. ತಲೆ ಉಳಿಯಿತು, ಪದವಿ ಮತ್ತು ಆಸ್ತಿ ಹೋದವು. ಮುಂದೆ ಆ ಪದವಿಯನ್ನು ಮರಳಿ ಪಡೆದವರು 1861ರಲ್ಲಿ ಆನ್ ಎಂಬ ಹೆಣ್ಣುಮಗಳು. ಈ ಸ್ಪಾ ಊರನ್ನು ಬೆಳೆಸಿದವರಲ್ಲಿ ಅವರೇ ಮುಖ್ಯರು. ಊರೊಳಗಿನ ಸೇಂಟ್ ಆನ್ಸ್ ಚರ್ಚು ಅವರ ನೆನಪಿನದು. ಅರಮನೆ ಮುಚ್ಚಿದ್ದ ದಿನ ಚರ್ಚಿನ ಹತ್ತಿರ ನಿಂತು ಈ ಎರಡು ಹೆಣ್ಣುಮಕ್ಕಳ ಕಥೆಯನ್ನೇ ಅಮ್ಮನಿಗೆ ಹೇಳಿದೆ.

ಆಗಸ್ಟ್ ತಿಂಗಳ ಒಂದು ಶನಿವಾರ ಇದೇ ಅರಮನೆಯ ಮೈದಾನದಲ್ಲಿ ಹೈಲ್ಯಾಂಡ್ ಗ್ಯಾದರಿಂಗ್ ನಡೆಯುತ್ತದೆ. ಹತ್ತೊಂಬತ್ತನೇ ಶತಮಾನದಿಂದ ನಡೆದು ಬಂದ ಆಟೋಟ. ನಿಮ್ಮ ರಜೆ ಆಗಸ್ಟಿನಲ್ಲಿದ್ದರೆ ನಾನು ಮೇಲೆ ಹೇಳಿದ್ದನ್ನೆಲ್ಲ ಬಿಟ್ಟು ಇದನ್ನೇ ಆರಿಸಿ. ಅಂದು ಮೈದಾನಕ್ಕೆ ಹೋಗುವುದರಿಂದ ಅರಮನೆಯನ್ನೂ ಹೊರಗಿನಿಂದ ಚೆನ್ನಾಗಿ ನೋಡಿದಂತಾಯಿತು.

ಅಲ್ಲಿ ಕೇಬರ್ ಎಸೆತ ನೋಡುವಾಗ ಒಂದು ವಿಷಯ ಗೊತ್ತಿರಲಿ. ಐದಾರು ಮೀಟರ್ ಉದ್ದದ ಮರದ ಕಾಂಡವನ್ನು ನೆಟ್ಟಗೆ ನಿಲ್ಲಿಸಿ, ಬುಡವನ್ನು ಎರಡೂ ಕೈಯಲ್ಲಿ ಎತ್ತಿ, ನಾಲ್ಕು ಹೆಜ್ಜೆ ಓಡಿ ಎಸೆಯುತ್ತಾರೆ. ನಾವೆಲ್ಲ ದೂರ ಎಷ್ಟು ಹೋಯಿತು ಅಂತ ನೋಡುತ್ತೇವೆ. ಅವರು ಅಳೆಯುವುದು ದೂರವನ್ನಲ್ಲ. ಕಾಂಡ ಗಾಳಿಯಲ್ಲಿ ಮಗುಚಿ, ಮೇಲಿನ ತುದಿ ನೆಲ ಮುಟ್ಟಿ, ಬುಡ ಎಸೆದವನಿಂದ ಆಚೆಗೆ ನೇರವಾಗಿ ಬೀಳಬೇಕು. ಗಡಿಯಾರದ ಹನ್ನೆರಡು ಗಂಟೆಯ ಮುಳ್ಳಿನ ಹಾಗೆ. ಇದು ತಿಳಿದ ಮೇಲೆ ಪ್ರತಿ ಎಸೆತಕ್ಕೂ ಉಸಿರು ಬಿಗಿ ಹಿಡಿಯುತ್ತೀರಿ. ಕಾಂಡ ಅರ್ಧದಲ್ಲಿ ಒಂದು ಕ್ಷಣ ನೆಟ್ಟಗೆ ನಿಲ್ಲುತ್ತದೆ, ಆಚೆ ಬೀಳುತ್ತದೋ ಈಚೆ ಬೀಳುತ್ತದೋ ಗೊತ್ತಾಗುವುದಿಲ್ಲ, ಆಗ ಮೈದಾನವೇ ಸುಮ್ಮನಾಗುತ್ತದೆ. ಇದರ ಜೊತೆಗೆ ಬ್ಯಾಗ್‌ಪೈಪ್ ಸ್ಪರ್ಧೆ, ಕಿಲ್ಟ್ ತೊಟ್ಟ ಪುಟ್ಟ ಮಕ್ಕಳ ನೃತ್ಯ, ಓಟ, ಭಾರ ಎಸೆತ ಎಲ್ಲ ಒಂದೇ ಹೊತ್ತಿಗೆ ನಡೆಯುತ್ತಿರುತ್ತವೆ. ಹುಲ್ಲಿನ ಮೇಲೆ ಕೂರಲು ಒಂದು ಚಾಪೆ, ಮಳೆಗೆ ಜಾಕೆಟ್ ಒಯ್ಯಿರಿ. ವಯಸ್ಸಾದವರಿದ್ದರೆ ಮಡಚುವ ಕುರ್ಚಿ ಬೇಕೇ ಬೇಕು.

ಅಷ್ಟು ಜನಜಂಗುಳಿ ಬೇಡ ಅನ್ನುವವರಿಗೆ ಬೇಸಿಗೆಯ ಶನಿವಾರದ ಸಂಜೆ ಒಳ್ಳೆಯದು. ಊರಿನ ಚೌಕದಲ್ಲಿ ಕೆಲವು ವಾರ ಪೈಪ್ ಬ್ಯಾಂಡ್ ನುಡಿಸುತ್ತಾರೆ, ಮಕ್ಕಳು ನರ್ತಿಸುತ್ತಾರೆ. ದುಡ್ಡು ಕೊಡಬೇಕಿಲ್ಲ, ಬೆಂಚಿನ ಮೇಲೆ ಕೂತು ನೋಡಬಹುದು. ಅಮ್ಮನಿಗೆ ಇಡೀ ಸ್ಕಾಟ್ಲೆಂಡ್ ಪ್ರವಾಸದಲ್ಲಿ ಹಿಡಿಸಿದ್ದು ಇದೇ ಸಂಜೆ. ಯಾವ ವಾರ ಇದೆ ಎಂದು ಊರಿನ ಅಂಗಡಿಯಲ್ಲಿ ಕೇಳಿದರೆ ಹೇಳುತ್ತಾರೆ.

ನೀರು ಮತ್ತು ಕಾಡು

ಕಾರಿದ್ದವರಿಗೆ ರೋಗಿ ಜಲಪಾತ ಏಳೆಂಟು ಕಿಲೋಮೀಟರ್. ಹೌದು, ಹೆಸರೇ ರೋಗಿ. ಗಂಧಕದ ನೀರಿನ ಊರಿನ ಪಕ್ಕದಲ್ಲಿ ಈ ಹೆಸರು ಕೇಳಿ ಅಮ್ಮ ಎರಡು ಸಲ ಕೇಳಿದರು. ನಮ್ಮ ರೋಗಿಗೂ ಇದಕ್ಕೂ ಸಂಬಂಧವಿಲ್ಲ. ಕಾಂಟಿನ್ ಎಂಬ ಹಳ್ಳಿ ದಾಟಿ ಅಲ್ಲಪೂಲ್ ರಸ್ತೆಯಲ್ಲೇ ಇದೆ, ಹಾಗಾಗಿ ಆ ಕಡೆ ಹೋಗುವವರಿಗೆ ಸುತ್ತು ಬಳಸಿಲ್ಲ. ಕಾರು ನಿಲ್ಲಿಸಿ ಸ್ವಲ್ಪ ನಡೆದರೆ ತೂಗುಸೇತುವೆ. ಕೆಳಗೆ ಬ್ಲ್ಯಾಕ್ ವಾಟರ್ ನದಿ ಚಹಾದ ಬಣ್ಣದಲ್ಲಿ ನೊರೆ ಎಬ್ಬಿಸುತ್ತದೆ. ಆ ಬಣ್ಣ ಪೀಟ್ ಮಣ್ಣಿನದು, ಕೊಳೆ ಅಲ್ಲ.

ಎತ್ತರದಲ್ಲಿ ಜೋಗದ ಮುಂದೆ ಇದು ಏನೂ ಅಲ್ಲ. ಜೋಗ ನೋಡಿದವರು ಸುಮ್ನೆ ನೀರು ಬೀಳುವುದನ್ನು ನೋಡಲು ಹೋದರೆ ನಿರಾಸೆಯಾಗಬಹುದು. ಇಲ್ಲಿ ನೋಡಬೇಕಾದ್ದು ಮೀನು. ಜುಲೈಯಿಂದ ಸೆಪ್ಟೆಂಬರ್ ನಡುವೆ ಸಾಲ್ಮನ್ ಮೀನುಗಳು ಮೊಟ್ಟೆ ಇಡಲು ಸಮುದ್ರದಿಂದ ಹೊಳೆಯ ಮೇಲಕ್ಕೆ ಬರುತ್ತವೆ. ಸೇತುವೆಯ ಮೇಲೆ ಇಪ್ಪತ್ತು ನಿಮಿಷ ಅಲುಗಾಡದೆ ನಿಂತರೆ ಒಂದು ಮೀನು ನೊರೆಯಿಂದ ಚಿಮ್ಮುತ್ತದೆ, ಬಂಡೆಗೆ ಬಡಿದು ವಾಪಸ್ ಬೀಳುತ್ತದೆ, ಮತ್ತೆ ಚಿಮ್ಮುತ್ತದೆ. ಪಕ್ಕದಲ್ಲಿ ಅವಕ್ಕೆಂದೇ ಕಟ್ಟಿದ ಮೆಟ್ಟಿಲಿದೆ, ಆದರೂ ಕೆಲವು ಜಲಪಾತವನ್ನೇ ಹಾರಲು ನೋಡುತ್ತವೆ. ಆ ತಿಂಗಳುಗಳಲ್ಲಿ ಬಂದವರು ಇದನ್ನು ಬಿಡಬೇಡಿ. ಏಪ್ರಿಲ್, ಮೇ ತಿಂಗಳಾದರೆ ಆ ಹೊತ್ತನ್ನು ಗುಡ್ಡಕ್ಕೆ ಕೊಡಿ.

ಕಾರಿಲ್ಲದವರಿಗೆ ಊರಿಂದಲೇ ನಡೆದು ಹೋಗುವ ಎರಡು ಜಾಗಗಳಿವೆ. ಕಿನೆಲ್ಲನ್ ಕೆರೆ ಶಾಂತವಾಗಿದೆ. ಅದರೊಳಗಿನ ಸಣ್ಣ ದ್ವೀಪ ಮನುಷ್ಯರೇ ಕಟ್ಟಿದ್ದು, ಹಿಂದೆ ಮೆಕೆಂಜಿಗಳ ನೆಲೆ. ಬ್ಲ್ಯಾಕ್‌ಮ್ಯೂರ್ ಕಾಡಿನಲ್ಲಿ ಸ್ಕಾಟ್ಲೆಂಡಿನ ಬೇರೆ ಬೇರೆ ಕಡೆಯ ಕಲ್ಲುಗಳನ್ನು ತಂದು ನಿಲ್ಲಿಸಿದ ಟಚ್‌ಸ್ಟೋನ್ ಎಂಬ ಸುತ್ತುದಾರಿ ಇದೆ. ಮಕ್ಕಳಿದ್ದರೆ ಕಾಡು, ದೊಡ್ಡವರೇ ಇದ್ದರೆ ಕೆರೆ. ಸಂಜೆ ಹೊತ್ತು ಎರಡೂ ಕಡೆ ನುಸಿ ಕಾಟ ಇರುತ್ತದೆ, ಗಾಳಿ ಬೀಸಿದರೆ ಇರುವುದಿಲ್ಲ.

ಯಾವ ತಿಂಗಳು, ಹೇಗೆ ಹೋಗುವುದು

ನನಗೆ ಕೇಳಿದರೆ ಮೇ ಕೊನೆ ಮತ್ತು ಜೂನ್. ರಾತ್ರಿ ಹತ್ತರ ತನಕ ಬೆಳಕು, ಜನ ಕಡಿಮೆ, ಗುಡ್ಡದ ಮೇಲೆ ಹಳದಿ ಗಾರ್ಸ್ ಹೂವು. ಆಟೋಟಕ್ಕಾಗಿ ಆಗಸ್ಟ್. ಆದರೆ ಆಗ ರೂಮು ಸಿಗುವುದು ಕಷ್ಟ, ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕು. ಜನವರಿಯಲ್ಲಿ ಕಾಂಟಿನ್ ಕಾಡಿನ 24 ಗಂಟೆಯ ಸೈಕಲ್ ರೇಸ್‌ಗೆ ಸ್ಟ್ರಾತ್‌ಪಫರ್ ಎಂದು ಹೆಸರು. ಕೆಸರು, ಹಿಮ, ಹದಿನೇಳು ಗಂಟೆಯ ಕತ್ತಲು, ಹಣೆಗೆ ಕಟ್ಟಿದ ದೀಪ. ಸೈಕಲ್ ಹುಚ್ಚು ಇದ್ದವರಿಗೆ ಮಾತ್ರ. ಊರಿಂದ ಬಂದ ಹಿರಿಯರನ್ನು ಆ ಚಳಿಗೆ ಕರೆದೊಯ್ಯಬೇಡಿ.

ಇನ್ವರ್ನೆಸ್‌ನಿಂದ ಡಿಂಗ್‌ವಾಲಿಗೆ ರೈಲು, ಅಲ್ಲಿಂದ ಬಸ್ಸು. ಭಾನುವಾರ ಬಸ್ಸು ಕಡಿಮೆ, ಹೊರಡುವ ಮುಂಚೆಯೇ ವಾಪಸ್ ಬರುವ ಬಸ್ಸಿನ ಸಮಯ ಬರೆದಿಟ್ಟುಕೊಳ್ಳಿ. ಸಸ್ಯಾಹಾರಿಗಳಿಗೆ ಕೆಫೆಗಳಲ್ಲಿ ಸೂಪು, ಸ್ಕೋನು, ಬೇಯಿಸಿದ ಆಲೂಗೆಡ್ಡೆ ಸಿಗುತ್ತದೆ. ಸೂಪಿಗೆ ಮಾಂಸದ ರಸ ಹಾಕಿದ್ದಾರಾ ಅಂತ ಕೇಳಿ. ಸಂಜೆ ನಾಲ್ಕೈದಕ್ಕೆ ಕೆಫೆಗಳು ಮುಚ್ಚುತ್ತವೆ. ನಾವು ಚಿತ್ರಾನ್ನ ಕಟ್ಟಿಕೊಂಡು ಹೋಗಿ ಹಳೆಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ತಿನ್ನುತ್ತೇವೆ.

ಬರುವ ಜೂನಿನಲ್ಲಿ ಅಪ್ಪ ಅಮ್ಮ ಮತ್ತೆ ಬರುತ್ತಿದ್ದಾರೆ. ಅಮ್ಮನಿಗೆ ಚೌಕದ ಬೆಂಚು ಗೊತ್ತಾಗಿದೆ. ಅಪ್ಪನನ್ನು ಈ ಸಲ ಉಸ್ಸಿ ಕೆರೆಯ ಕಡೆಯಿಂದ ನಾಕ್ ಫ್ಯಾರೆಲ್ ಹತ್ತಿಸಬೇಕು. ಆ ಕರಗಿದ ಕಲ್ಲನ್ನು ಅವರು ಬೆರಳಿನಿಂದ ಮುಟ್ಟಿ ಏನು ಹೇಳುತ್ತಾರೋ ಕೇಳಬೇಕು.